ಚಿಪ್ಪಿಗೂ ಕರ್ನೆಲ್ಲಿಗೂ ನಡುವೆ

ಕಕ್ಕಿಂಜೆಯಿಂದ ಬಿ.ಸಿ.ರೋಡಿಗೆ ದಿನಾ ಹೋಗಿಬರುವ ಹೆಂಗಸರು ಆಗ ಹೆಚ್ಚಿರಲಿಲ್ಲ. ಬೆಳಿಗ್ಗೆ ಚಾರ್ಮಾಡಿ ಕಡೆಯಿಂದ ಬರುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದರೆ ಕುಸುಮ ಉಜಿರೆ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದಳು. ಸಿಗದಿದ್ದರೆ ಕಂಬಕ್ಕೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಅಕ್ಕಿ ಮಿಲ್ಲಿಗೆ ಬೇಕಾದ ಪೆಟ್ಟಿಗೆ ಮಾಡ್ತೇವೆ’ ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳಲು ಹೋದರೆ ಬೆಳ್ತಂಗಡಿ ದಾಟಿದರೂ ಮಾತು ಮುಗಿಯುತ್ತಿರಲಿಲ್ಲ.

ಕೆಲಸ ಶೇಖರ ಶೆಟ್ಟರ ಕೈಕೆಳಗೆ. ಅವರದು ಮೊದಲಿನಿಂದಲೂ ಅಕ್ಕಿ ಮಿಲ್ಲಿನ ಮನೆತನ. ಕುಚ್ಚಲಕ್ಕಿಗೆ ಭತ್ತ ಬೇಯಬೇಕು, ಬೇಯಲು ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು. ಬಾಯ್ಲರಿನ ನೀರು ತಳ ಕಂಡರೂ ಕೆಳಗೆ ಬೆಂಕಿ ಉರಿಯುತ್ತಲೇ ಇದ್ದರೆ ಅದು ಹೇಗೆ ಸಿಡಿಯುತ್ತದೆಂದು ಶೆಟ್ಟರು ಸಣ್ಣವರಿದ್ದಾಗಲೇ ಒಂದು ಮಿಲ್ಲಿನಲ್ಲಿ ಕಣ್ಣಾರೆ ಕಂಡಿದ್ದರು. ದೊಡ್ಡವರಾದ ಮೇಲೆ ಮಿಲ್ಲನ್ನು ಅಣ್ಣನಿಗೆ ಬಿಟ್ಟು, ಬಿ.ಸಿ.ರೋಡಿನಲ್ಲಿ ಟಯರ್ ಅಂಗಡಿಯೊಂದರ ಮಹಡಿಯ ಮೇಲೆ ಎರಡು ಕೋಣೆ ಹಿಡಿದು, ನೀರಿನ ಮಟ್ಟ, ಹಬೆಯ ಒತ್ತಡ, ಭತ್ತ ಒಣಗಿಸುವ ಯಂತ್ರದ ಬಿಸಿ ಇವನ್ನೆಲ್ಲ ನೋಡಿಕೊಳ್ಳುವ ಪೆಟ್ಟಿಗೆ ತಯಾರಿಸತೊಡಗಿದರು.

ಆ ಪೆಟ್ಟಿಗೆಗೆ ಬುದ್ಧಿ ಕೊಟ್ಟವರು ಮಾಣಿಯ ಅಬ್ದುಲ್ ವಹಾಬ್. ಸೌದಿಯ ಜುಬೈಲಿನ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಮೀಟರು ವಾಲ್ವುಗಳ ನಡುವೆ ದುಡಿದು, ಕುವೈತ್ ಯುದ್ಧದ ಹೊತ್ತಿಗೆ ಊರಿಗೆ ಬಂದವರು ಮತ್ತೆ ಹೊರಡಲಿಲ್ಲ. ಪೆಟ್ಟಿಗೆಯೊಳಗೆ ಇದ್ದದ್ದು ಕಂಪ್ಯೂಟರಿನಂತೆ ಲೆಕ್ಕ ಮಾಡುವ ಒಂದೇ ಒಂದು ಚಿಪ್ಪು. ಮಾಡಬೇಕಾದ ಕೆಲಸಗಳು ಹಲವು. ಪರದೆಯ ಮೇಲೆ ಅಂಕೆ ತೋರಿಸುವುದು ಸ್ವಲ್ಪ ತಡವಾದರೆ ಯಾರಿಗೂ ನಷ್ಟವಿಲ್ಲ. ನೀರು ಇಳಿದದ್ದನ್ನು ಮಾತ್ರ ಆ ಕ್ಷಣದಲ್ಲೇ ನೋಡಬೇಕು. ಯಾವ ಕೆಲಸ ಯಾವಾಗ ಚಿಪ್ಪಿನ ಮೇಲೆ ಕೂರಬೇಕು, ಯಾವುದು ಎದ್ದು ಜಾಗ ಬಿಡಬೇಕು ಎಂದು ತೀರ್ಮಾನಿಸುವ ಸಣ್ಣ ಪ್ರೋಗ್ರಾಮಿಗೆ ಕರ್ನೆಲ್ ಎಂದು ಹೆಸರು. ವಹಾಬ್ ಅದನ್ನು ಆ ಚಿಪ್ಪಿನದ್ದೇ ಭಾಷೆಯಲ್ಲಿ, ಒಂದು ಅಕ್ಷರವೂ ವ್ಯರ್ಥವಾಗದಂತೆ ಬರೆದಿದ್ದರು. ಬರೆಯಲು ಎರಡು ಮಳೆಗಾಲ ಹಿಡಿದಿತ್ತಂತೆ.

ಕುಸುಮ ಡಿಪ್ಲೊಮಾ ಮುಗಿಸಿ ಅಲ್ಲಿಗೆ ಸೇರಿದ್ದು ಬೋರ್ಡಿಗೆ ಬೆಸುಗೆ ಹಾಕಲಿಕ್ಕೆ. ಬೆಸುಗೆ ಹಾಕುತ್ತ ಹಾಕುತ್ತ ‘ಚಿಪ್ಪಿನ ಈ ಕಾಲಿಗೆ ಯಾಕೆ ಇಷ್ಟು ಹೊತ್ತು ವೋಲ್ಟೇಜು ಬರುವುದಿಲ್ಲ ಸರ್?’ ಎಂದು ಕೇಳಿದಳು. ವಹಾಬ್ ಕನ್ನಡಕ ಮೇಲೇರಿಸಿ ಅವಳನ್ನು ನೋಡಿದರು. ಮರುದಿನದಿಂದ ಮಧ್ಯಾಹ್ನದ ಊಟ ಆದ ಮೇಲೆ ಅವಳಿಗೆ ಪಾಠ ಸುರುವಾಯಿತು. ಇಬ್ಬರದೂ ಮಾತು ತುಳುವಿನಲ್ಲಿ. ಲೆಕ್ಕ, ಬೈಗಳು ಎರಡಕ್ಕೂ ತುಳುವೇ ಸಾಕಾಗುತ್ತಿತ್ತು. ಮದುವೆಯಾಗಿ, ಮಗಳು ಸಾತ್ವಿಕಾ ಹುಟ್ಟಿ, ಮತ್ತೆ ಕೆಲಸಕ್ಕೆ ಬಂದಾಗಲೂ ವಹಾಬ್ ಪಾಠ ಬಿಟ್ಟಲ್ಲಿಂದಲೇ ಹಿಡಿದಿದ್ದರು.

ತೊಂಬತ್ತೆಂಟರ ಮಳೆಗಾಲ ಕಳೆದ ಮೇಲೆ ಒಂದು ದಿನ ವಹಾಬ್ ಕೆಲಸಕ್ಕೆ ಬರಲಿಲ್ಲ. ಬೆಳಿಗ್ಗೆ ನಮಾಜಿಗೆ ಏಳುವಾಗ ಬಲಗಡೆ ಸ್ವಾಧೀನ ತಪ್ಪಿ ಬಿದ್ದಿದ್ದರು. ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಸತ್ತಂತೆ ತೂಗುತ್ತಿತ್ತು, ಮಾತು ಹೆಚ್ಚುಕಡಿಮೆ ಹೋಗಿತ್ತು. ಬೇಕಾದ ಶಬ್ದ ಬರುತ್ತಿರಲಿಲ್ಲ, ಬೇಡದ್ದು ಬರುತ್ತಿತ್ತು. ನೀರು ಕೇಳಲು ಹೋಗಿ ‘ಬಾಗಿಲು’ ಎನ್ನುತ್ತಿದ್ದರು. ಹೆಂಡತಿ ಖದೀಜ ಬಾಗಿಲು ತೆರೆದು, ಮುಚ್ಚಿ, ಆಮೇಲೆ ನೀರು ತಂದುಕೊಡುತ್ತಿದ್ದರು.

ಅದಾಗಿ ವರ್ಷವಾಗುವ ಮೊದಲೇ ಬೆಂಗಳೂರಿನ ಸರಬರಾಜುದಾರನ ಫೋನು ಬಂತು. ಆ ಮಾದರಿಯ ಚಿಪ್ಪು ಇನ್ನು ಬರುವುದಿಲ್ಲ, ಕಂಪೆನಿ ತಯಾರಿಕೆ ನಿಲ್ಲಿಸಿದೆ.

“ಬೇರೆ ಚಿಪ್ಪಿಗೆ ಹಾಕಿದರಾಯ್ತು. ಅಷ್ಟೇ ಅಲ್ವಾ ಕುಸುಮ?” ಎಂದರು ಶೇಖರ ಶೆಟ್ಟರು.

“ಅಷ್ಟೇ ಅಲ್ಲ ಶೇಖರಣ್ಣ. ಇದು ಆ ಚಿಪ್ಪಿಗೇ ಅಂತ ಬರೆದದ್ದು. ಬೇರೆಯದಕ್ಕೆ ಹಾಕಬೇಕಾದರೆ ಮೊದಲಿನಿಂದ ಕಡೆಯವರೆಗೆ ಬರೀಬೇಕು.”

“ಬರಿ ಮತ್ತೆ. ನಿನ್ನನ್ನು ಬಿಟ್ಟರೆ ಇಲ್ಲಿ ಯಾರಿದ್ದಾರೆ?”

ಯಾರೂ ಇರಲಿಲ್ಲ. ಅದು ಹೊಗಳಿಕೆಯಲ್ಲವೆಂದು ಕುಸುಮಳಿಗೆ ಗೊತ್ತಿತ್ತು. ಅವಳು ಬರೆಯತೊಡಗಿದಳು. ಒಂದೊಂದೇ ಸಾಲನ್ನು ಹಳೆಯ ಚಿಪ್ಪಿನ ಭಾಷೆಯಿಂದ ಹೊಸದರ ಭಾಷೆಗೆ ತರುವುದು, ಓಡಿಸುವುದು, ಓಡದಿದ್ದರೆ ಚಿಪ್ಪನ್ನು ತೆಗೆದು ನೇರಳೆ ದೀಪದ ಕೆಳಗಿಟ್ಟು ಅದರಲ್ಲಿ ಬರೆದದ್ದನ್ನು ಅಳಿಸುವುದು, ಮತ್ತೆ ತುಂಬುವುದು. ಅಳಿಯುವ ತನಕ ಕಿಟಕಿಯ ಬಳಿ ನಿಂತು ಬಂಟ್ವಾಳ ಪೇಟೆಯ ಕಡೆ ತಿರುಗುವ ಬಸ್ಸುಗಳನ್ನು ನೋಡುತ್ತಿದ್ದಳು. ಮನೆಗೆ ಹೋದರೆ ಗಂಡ ಭೋಜ ತಾನು ಓಡಿಸುವ ಸರ್ವಿಸ್ ಜೀಪು ನಿಲ್ಲಿಸಿ ಅಂಗಳದಲ್ಲಿ ಮಗಳಿಗೆ ಮಗ್ಗಿ ಹೇಳಿಸುತ್ತಿರುತ್ತಿದ್ದ. ಅವನು ಒಳ್ಳೆಯವನು. ‘ಆಯ್ತಾ?’ ಎಂದು ದಿನಾ ಕೇಳುತ್ತಿದ್ದ. ಕೊನೆಕೊನೆಗೆ ಅವಳಿಗೆ ಆ ಪ್ರಶ್ನೆ ಕೇಳಿದರೇ ಆಯಾಸವಾಗುತ್ತಿತ್ತು.

ಒಂದು ವರ್ಷದ ಹತ್ತಿರ ಹೋಯಿತು. ಕೆಲಸ ಮುಕ್ಕಾಲು ಮುಗಿದಿದೆ ಎನ್ನುವಾಗ ಶೆಟ್ಟರು ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಕಳಚದೆ, ಅವಳ ಎದುರಿನ ಸ್ಟೂಲಿನಲ್ಲಿ ಕೂತರು.

“ಕುಸುಮ, ಬೇಜಾರು ಮಾಡ್ಬೇಡ. ಈ ಹೊಸ ಚಿಪ್ಪೂ ಸಿಗುವುದು ಕಷ್ಟ ಅಂತೆ. ಇನ್ನೊಂದು ಉಂಟಂತೆ, ಇದಕ್ಕಿಂತ ಒಳ್ಳೆಯದು. ಅದು ಧಾರಾಳ ಸಿಗ್ತದೆ.”

ಕುಸುಮ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟು, ಚೀಲ ತೆಗೆದುಕೊಂಡು, ಮಧ್ಯಾಹ್ನದ ಬಸ್ಸಿಗೇ ಹೋದಳು. ಬಸ್ಸು ಖಾಲಿಯಿತ್ತು. ಪುಂಜಾಲಕಟ್ಟೆ ದಾಟುವಾಗ ಅಳು ಬರುತ್ತದೆಂದುಕೊಂಡಳು, ಬರಲಿಲ್ಲ. ಬಂದದ್ದು ಒಂದು ಯೋಚನೆ. ಇದನ್ನು ಬರೆದರೂ ಇನ್ನೆರಡು ವರ್ಷಕ್ಕೆ ಆ ಚಿಪ್ಪೂ ನಿಲ್ಲುತ್ತದೆ. ಮತ್ತೊಂದು ಬರುತ್ತದೆ. ಹೀಗೆ ತಾನು ಸಾಯುವವರೆಗೆ ಬರೆದದ್ದನ್ನೇ ಬರೆಯುತ್ತಿರಬೇಕು. ಅಷ್ಟು ಶಕ್ತಿ ತನ್ನಲ್ಲಿಲ್ಲ. ಹಾಗಾದರೆ ಬರೆದದ್ದರಲ್ಲಿ ಎಷ್ಟು ಚಿಪ್ಪಿನದು, ಎಷ್ಟು ಅಲ್ಲ? ಸರದಿ ನೋಡುವುದು, ಯಾವ ಕೆಲಸ ದೊಡ್ಡದು ಯಾವುದು ಸಣ್ಣದು ಎಂದು ತೂಗುವುದು, ಇದಕ್ಕೆಲ್ಲ ಚಿಪ್ಪು ಯಾವುದಾದರೇನು? ಚಿಪ್ಪನ್ನು ನಿಜವಾಗಿ ಮುಟ್ಟುವ ಸಾಲುಗಳು ಕೆಲವೇ ಇರಬೇಕು. ಅವನ್ನಷ್ಟೇ ಕಿತ್ತು ಬೇರೆ ಇಟ್ಟರೆ, ಉಳಿದದ್ದನ್ನು ಒಂದೇ ಸಲ, ಯಾವ ಚಿಪ್ಪಿಗೂ ಒಗ್ಗುವ ಸಿ ಭಾಷೆಯಲ್ಲಿ ಬರೆದು ಮುಗಿಸಬಹುದು. ಮುಂದೆ ಚಿಪ್ಪು ಬದಲಾದಾಗ ನಡುವಿನ ಆ ತೆಳ್ಳಗಿನ ಪದರ ಮಾತ್ರ ಬದಲಾದರೆ ಸಾಕು.

ಇಂಥ ಉಪಾಯ ಲೋಕದಲ್ಲಿ ಮೊದಲೇ ಇತ್ತು. ಪುಸ್ತಕಗಳಲ್ಲೂ ಇದ್ದಿರಬೇಕು. ಕುಸುಮಳಿಗೆ ಅದು ಹೊಳೆದದ್ದು ದಣಿವಿನಿಂದ.

ಆದರೆ ವಹಾಬರ ಕರ್ನೆಲ್ಲಿನಲ್ಲಿ ಎಲ್ಲವೂ ಎಲ್ಲದರೊಂದಿಗೆ ಹೆಣೆದುಕೊಂಡಿತ್ತು. ಯಾವ ಸಾಲು ಯಾಕಿದೆ ಎಂದು ತಿಳಿದವರು ಒಬ್ಬರೇ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಕುಸುಮ ಮಾಣಿಗೆ ಹೋದಳು. ವಹಾಬ್ ಕಿಟಕಿಯ ಬದಿಯ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಕ್ಷೌರ ಮಾಡಿಸಿದ್ದರು. ಅವಳನ್ನು ಕಂಡು ಎಡಗಡೆಯ ತುಟಿಯಲ್ಲಿ ನಕ್ಕರು.

ಅವಳು ಎಲ್ಲವನ್ನೂ ಹೇಳಿದಳು. ಕತ್ತರಿಸಿ ಎರಡು ಮಾಡುತ್ತೇನೆ ಎಂದಾಗ ಅವರ ನಗು ನಿಂತಿತು.

“ಬೇಡ,” ಎಂದರು. ಆ ಶಬ್ದ ಮಾತ್ರ ಸರಿಯಾಗಿಯೇ ಬಂತು.

“ಹಾಗೆ ಮಾಡದಿದ್ದರೆ ಪ್ರತಿ ಸಲ—”

“ಬೇಡ. ಬೇಡ.” ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟರು. ಕತ್ತಿನ ನರ ಉಬ್ಬಿತ್ತು. ಕುಸುಮ ಸ್ವಲ್ಪ ಹೊತ್ತು ಕೂತು ಎದ್ದಳು. ಹೊರಗೆ ಖದೀಜ ಚಹಾ ಹಿಡಿದು ನಿಂತಿದ್ದರು.

“ಅವರಿಗೆ ಈಗ ಎಲ್ಲದಕ್ಕೂ ಸಿಟ್ಟು ಕುಸುಮ. ಡಾಕ್ಟರ್ ಹೇಳಿದ್ದಾರೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.”

“ಸಿಟ್ಟಾಗುವಂಥದ್ದೇ ಹೇಳಿದ್ದೇನೆ ಖದೀಜಕ್ಕ.”

“ಹೇಳಿದರೆ ಹೇಳಿದೆ. ಮುಂದಿನ ವಾರ ಬಾ. ನೀನು ಬರ್ತಿ ಅಂತ ಗೊತ್ತಾದರೆ ಶೇವಿಂಗ್ ಮಾಡಿಸಿಕೊಳ್ಳುತ್ತಾರೆ. ಬೇರೆ ಯಾರಿಗೂ ಇಲ್ಲ.”

ಮುಂದಿನ ಶನಿವಾರ ಅವಳು ಹೋಗಿ ಸುಮ್ಮನೆ ಕೂತಳು. ಅದರ ಮುಂದಿನ ಶನಿವಾರ ಕಾಗದಗಳನ್ನು ಒಯ್ದು, ಅವರ ಅಪ್ಪಣೆ ಕೇಳದೆ, ಅವರದೇ ಕರ್ನೆಲ್ಲನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಕಥೆ ಓದುವಂತೆ ಅಲ್ಲ, ಶಾಲೆಯಲ್ಲಿ ಒಪ್ಪಿಸುವಂತೆ. ಒಂದು ಕಡೆ ತಪ್ಪು ಓದಿದಳು. ಮಂಚದ ಕಟ್ಟಿಗೆಯ ಮೇಲೆ ಟಪ್ಪೆಂದು ಸದ್ದಾಯಿತು. ವಹಾಬ್ ಎಡಗೈಯಿಂದ ತಟ್ಟಿದ್ದರು. ಅವಳು ತಿದ್ದಿಕೊಂಡಳು.

ಹಾಗೆ ಸುರುವಾದದ್ದು ಆ ಬೇಸಿಗೆಯಿಡೀ ನಡೆಯಿತು. ಅವಳು ಓದುವುದು, ಚಿಪ್ಪಿಗೆ ಸಂಬಂಧಿಸಿದ ಸಾಲು ಬಂದರೆ ಅವರು ತಟ್ಟುವುದು, ಉಳಿದದ್ದಕ್ಕೆ ಸುಮ್ಮನಿರುವುದು. ಯಾವಾಗ ಒಪ್ಪಿದರು ಎಂದು ಅವಳಿಗೂ ತಿಳಿಯಲಿಲ್ಲ, ಅವರೂ ಹೇಳಲಿಲ್ಲ. ಕೆಲವು ದಿನ ಅರ್ಧ ಪುಟಕ್ಕೇ ಅವರಿಗೆ ಕಣ್ಣು ಎಳೆಯುತ್ತಿತ್ತು. ಕೆಲವು ದಿನ ಅವಳಿಗೇ ಎಳೆಯುತ್ತಿತ್ತು. ಒಮ್ಮೆ ಖದೀಜ ಒಳಗೆ ಬಂದಾಗ ಇಬ್ಬರೂ ನಿದ್ದೆ ಹೋಗಿದ್ದರು. ಕಾಗದಗಳು ಫ್ಯಾನಿನ ಗಾಳಿಗೆ ಕೋಣೆಯಿಡೀ ಹರಡಿದ್ದವು.

ಕೊನೆಗೆ ಚಿಪ್ಪಿನ ಪಾಲಿಗೆ ಬಂದದ್ದು ನಿಜಕ್ಕೂ ಸ್ವಲ್ಪವೇ. ಗಡಿಯಾರದ ಮಿಡಿತ ಎಬ್ಬಿಸುವುದು. ಓಡುತ್ತಿರುವ ಕೆಲಸದ ಸ್ಥಿತಿಯನ್ನು ಕಟ್ಟಿಟ್ಟು ಇನ್ನೊಂದರ ಸ್ಥಿತಿಯನ್ನು ಬಿಚ್ಚಿ ಕೂರಿಸುವುದು. ಹೊಸ ಕೆಲಸಕ್ಕೆ ಮೊದಲ ಸಲ ಹಾಸಿಗೆ ಹಾಸಿಕೊಡುವುದು. ಇಂಟರಪ್ಟುಗಳನ್ನು ಮುಚ್ಚುವುದು, ತೆರೆಯುವುದು. ಇಂಟರಪ್ಟ್ ಎಂದರೆ ಕೆಲಸದ ನಡುವೆ ಬಂದು ಬಾಗಿಲು ಬಡಿಯುವ ಕರೆ. ಕರ್ನೆಲ್ ತನ್ನ ಸರದಿಯ ಸಾಲನ್ನು ಸರಿಮಾಡುತ್ತಿರುವಾಗ ಅಂಥ ಕರೆ ಒಳಗೆ ನುಗ್ಗಬಾರದು. ಅದಕ್ಕೆ ಆ ಗಳಿಗೆ ಮುಚ್ಚಿ, ಮುಗಿದ ಮೇಲೆ ತೆರೆಯಬೇಕು. ಇಷ್ಟನ್ನು ಕುಸುಮ ಬೇರೊಂದು ಕಡತದಲ್ಲಿಟ್ಟಳು. ಉಳಿದ ದೊಡ್ಡ ಪಾಲು ಯಾವ ಚಿಪ್ಪಿನ ಹೆಸರನ್ನೂ ಎತ್ತದೆ ತನ್ನ ಪಾಡಿಗೆ ಇತ್ತು.

ಎರಡು ಸಾವಿರದ ಒಂದರಲ್ಲಿ ಮೂಡುಬಿದಿರೆಯ ಒಂದು ಮಿಲ್ಲಿನಲ್ಲಿ ಹೊಸ ಪೆಟ್ಟಿಗೆಯನ್ನು ಪರೀಕ್ಷೆಗೆ ಕೂರಿಸಿದರು. ಬಾಯ್ಲರ್ ನೋಡುವವನು ನೋಣಯ್ಯ, ಬೆಂಕಿಯ ಎದುರೇ ಅರ್ಧ ಆಯುಷ್ಯ ಕಳೆದ ಮನುಷ್ಯ. ಪೆಟ್ಟಿಗೆಯ ಮೇಲೆ ಅವನಿಗೆ ನಂಬಿಕೆಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ.

“ಇದು ನೋಡಿಕೊಳ್ತದೆ ಅಂದ್ರೆ ನಾನು ಕೂರಬಹುದಾ ಅಕ್ಕ?” ಎಂದು ಕೇಳಿದ.

“ಕೂರಬಹುದು. ನೀರು ಇಳಿದರೆ ಅದೇ ಕೂಗ್ತದೆ, ಪಂಪೂ ಅದೇ ಹಾಕ್ತದೆ.”

ತಿಂಗಳ ಹತ್ತಿರ ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಮಧ್ಯಾಹ್ನ ಶೆಟ್ಟರಿಗೆ ಫೋನು ಬಂತು. ನೀರು ಇಳಿದಿತ್ತು, ಪೆಟ್ಟಿಗೆ ಕೂಗಲಿಲ್ಲ. ಕೂತಿದ್ದ ನೋಣಯ್ಯ ಬಾಯ್ಲರಿನ ಸದ್ದು ಬೇರೆಯಾದದ್ದು ಕೇಳಿ, ಓಡಿ ಹೋಗಿ ಬೆಂಕಿ ಎಳೆದು ಹಬೆಯ ವಾಲ್ವು ತಿರುಗಿಸಿದ್ದ. ಗಡಿಬಿಡಿಯಲ್ಲಿ ಮೊಣಕೈಯಿಂದ ಕೆಳಗೆ ಹಬೆ ಹೊಡೆದಿತ್ತು.

ಕುಸುಮ ಮಿಲ್ಲಿಗೆ ಮುಟ್ಟಿದಾಗ ಬಾಯ್ಲರ್ ತಣ್ಣಗಾಗಿತ್ತು. ಪೆಟ್ಟಿಗೆ ಇನ್ನೂ ಓಡುತ್ತಿತ್ತು. ಹಸಿರು ದೀಪ ಮಿಣುಕುತ್ತಿತ್ತು, ಪರದೆಯಲ್ಲಿ ಅಂಕೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ನೀರಿನ ಮಟ್ಟದ ಅಂಕೆ ಮಾತ್ರ ಬೆಳಗಿನದು. ನೀರು ನೋಡುವ ಕೆಲಸ ಸರದಿಯಿಂದಲೇ ಬಿದ್ದುಹೋಗಿತ್ತು. ಉಳಿದ ಕೆಲಸಗಳು ಏನೂ ಆಗಿಲ್ಲವೆಂಬಂತೆ ನಡೆದಿದ್ದವು. ಪೆಟ್ಟಿಗೆ ಪೂರ್ತಿ ಸತ್ತಿದ್ದರೆ ಅವಳಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅವಳು ಆಸ್ಪತ್ರೆಗೆ ಹೋದಳು. ನೋಣಯ್ಯ ಬಟ್ಟೆ ಸುತ್ತಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದ.

“ಉರಿ ಉಂಟಾ?” ಎಂದು ಕೇಳಿದಳು.

“ಉಂಟು. ನಿಮ್ಮ ಮುಖ ಯಾಕೆ ಹಾಗೆ? ನಾನು ಸತ್ತಿಲ್ಲ ಅಕ್ಕ.”

ಮನೆಗೆ ಹೋದ ಮೇಲೂ ಅವಳಿಗೆ ಊಟ ಇಳಿಯಲಿಲ್ಲ. ದಿನಾ ‘ಆಯ್ತಾ?’ ಎಂದು ಕೇಳುವ ಭೋಜ ಆ ದಿನ ಏನೂ ಕೇಳಲಿಲ್ಲ.

ಶೆಟ್ಟರು ಪೆಟ್ಟಿಗೆ ಬಿಚ್ಚಿಸಿ ತರಿಸಿದರು. ಮೇಜಿನ ಮೇಲೆ ಅದು ದಿನಗಟ್ಟಲೆ ಓಡಿತು, ಒಮ್ಮೆಯೂ ತಪ್ಪಲಿಲ್ಲ. ಕುಸುಮ ಪ್ರತಿ ಸಾಲನ್ನೂ ಮತ್ತೆ ನೋಡಿದಳು. ಕಣ್ಣು ಅದನ್ನೇ ನೋಡಿ ನೋಡಿ ಏನೂ ಕಾಣದಂತಾಗಿತ್ತು. ಶನಿವಾರ ಮಾಣಿಗೆ ಹೋಗುವ ಮನಸ್ಸೂ ಇರಲಿಲ್ಲ. ಕಾಲು ಅಭ್ಯಾಸದಿಂದ ಬಸ್ಸು ಹತ್ತಿತು.

ಆದದ್ದನ್ನೆಲ್ಲ ವಹಾಬ್ ಕಣ್ಣು ಮುಚ್ಚಿ ಕೇಳಿದರು. ನೋಣಯ್ಯನ ಕೈಯ ವಿಷಯ ಬಂದಾಗ ಅವರ ಎಡಗೈ ತನ್ನಷ್ಟಕ್ಕೆ ಬಲಗೈಯನ್ನು ಹಿಡಿಯಿತು. ಆಮೇಲೆ ಬಹಳ ಹೊತ್ತು ಶಬ್ದಕ್ಕಾಗಿ ಒದ್ದಾಡಿದರು.

“ಮುಚ್ಚಿತ್ತಾ?” ಎಂದರು.

ಕುಸುಮ ಕಿಟಕಿಯ ಕಡೆ ನೋಡಿದಳು. “ತೆರೆದೇ ಉಂಟು ಸರ್. ಮುಚ್ಚಬೇಕಾ?”

ಅವರು ಮಂಚ ತಟ್ಟಿದರು. “ಮೊದಲೇ... ಮೊದಲೇ ಮುಚ್ಚಿತ್ತಾ?”

“ಯಾವುದು? ಬಾಗಿಲಾ?”

“ಬಾಗಿಲು,” ಎಂದರು, ಮತ್ತೆ ಅಲ್ಲವೆಂದು ತಲೆಯಾಡಿಸಿದರು. ನೀರು ಬೇಕಾಗಿರಬೇಕೆಂದು ಖದೀಜ ಲೋಟ ತಂದರು. ವಹಾಬ್ ಲೋಟವನ್ನು ದೂಡಿದರು. ನೀರು ಹಾಸಿಗೆಗೆ ಚೆಲ್ಲಿತು. ಖದೀಜ ಒರೆಸತೊಡಗಿದರು. ವಹಾಬರ ಕಣ್ಣಲ್ಲಿ ನೀರಿತ್ತು. ಕುಸುಮಳಿಗೆ ತಾನು ಬಂದದ್ದೇ ತಪ್ಪಾಯಿತೆನ್ನಿಸಿತು. ಹೇಳಿ ಹೊರಟಳು.

ಬಸ್ಸಿಗೆ ಕಾಯುತ್ತ ಮಾಣಿ ಜಂಕ್ಷನ್ನಿನಲ್ಲಿ ನಿಂತಾಗ ಲಾರಿಗಳ ಸದ್ದಿನ ನಡುವೆ ಅವಳಿಗೆ ಅದು ಅರ್ಥವಾಯಿತು. ಬಾಗಿಲೂ ಅಲ್ಲ, ಕಿಟಕಿಯೂ ಅಲ್ಲ. ಅವರು ಕೇಳಿದ್ದು ಇಂಟರಪ್ಟಿನ ವಿಷಯ.

ವಹಾಬರ ಹಳೆಯ ಕರ್ನೆಲ್ಲಿನಲ್ಲಿ ಇಂಟರಪ್ಟ್ ಮುಚ್ಚುವ ಸಾಲೊಂದಿತ್ತು. ಆ ಚಿಪ್ಪಿಗೆ ಮಾತ್ರ ಗೊತ್ತಿದ್ದ ಒಂದು ವಿಶೇಷ ಆಜ್ಞೆ: ಮೊದಲು ತೆರೆದಿತ್ತೇ ಎಂದು ನೋಡುವುದು ಮತ್ತು ಮುಚ್ಚುವುದು, ಎರಡೂ ಒಂದೇ ಏಟಿಗೆ. ಅವಳು ಓದಿದಾಗ ವಹಾಬ್ ತಟ್ಟಿದ್ದರು. ಚಿಪ್ಪಿನ ಸಾಲು ಎಂದು ಅವಳು ಅದನ್ನು ತೆಗೆದು, ಹೊಸ ಚಿಪ್ಪಿನಲ್ಲಿ ಬರೀ ಮುಚ್ಚುವ ಆಜ್ಞೆ ಹಾಕಿದ್ದಳು. ಮುಗಿದ ಮೇಲೆ ಬರೀ ತೆರೆಯುವ ಆಜ್ಞೆ. ಆದರೆ ಕರ್ನೆಲ್ಲಿನ ಒಂದು ಭಾಗ ಇಂಟರಪ್ಟ್ ಮುಚ್ಚಿಕೊಂಡು ಕೆಲಸ ಮಾಡುತ್ತಿರುವಾಗಲೇ ಇನ್ನೊಂದು ಭಾಗವನ್ನು ಕರೆಯುತ್ತದೆ. ಆ ಇನ್ನೊಂದೂ ಮುಚ್ಚುತ್ತದೆ, ತನ್ನದು ಮುಗಿದೊಡನೆ ತೆರೆದುಬಿಡುತ್ತದೆ. ಮೊದಲನೆಯದರ ಕೆಲಸ ಇನ್ನೂ ಅರ್ಧದಲ್ಲಿರುತ್ತದೆ. ಸರಿಯಾಗಿ ಆ ಸೂಜಿಮೊನೆಯಷ್ಟು ಹೊತ್ತಿನಲ್ಲಿ ಹೊರಗಿನ ಕರೆಯೊಂದು ಒಳಗೆ ಬಂದರೆ ಸರದಿಯ ಸಾಲು ತುಂಡಾಗುತ್ತದೆ. ಮೇಜಿನ ಮೇಲೆ ಅಂಥ ಗಳಿಗೆ ಬಂದಿರಲಿಲ್ಲ. ಮಿಲ್ಲಿನಲ್ಲಿ ಬಂತು.

ಮೊದಲೇ ಮುಚ್ಚಿದ್ದರೆ, ಹೋಗುವಾಗ ತೆರೆಯಬಾರದು. ಬಂದಾಗ ಹೇಗಿತ್ತೋ ಹಾಗೆ ಬಿಟ್ಟು ಹೋಗಬೇಕು. ಆ ಸಾಲಿನಲ್ಲಿ ಮುಚ್ಚುವ ರೀತಿ ಚಿಪ್ಪಿನದಾಗಿತ್ತು. ಮೊದಲಿನ ಸ್ಥಿತಿ ನೆನಪಿಟ್ಟುಕೊಳ್ಳುವ ಬುದ್ಧಿ ವಹಾಬರದು. ಒಂದೇ ಸಾಲಿನಲ್ಲಿ ಎರಡೂ ಇದ್ದವು. ಅವರು ತಟ್ಟಿದ್ದು ಸರಿಯೇ. ಅವಳು ತೆಗೆದದ್ದೂ ಸರಿಯೇ. ಆದರೂ ನೋಣಯ್ಯನ ಕೈ ಬೆಂದಿತ್ತು.

ಬಿ.ಸಿ.ರೋಡಿಗೆ ಹೋಗಬೇಕಾದ ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ. ತಿರುಗಿ ವಹಾಬರ ಮನೆಗೆ ನಡೆದಳು.

“ಸರ್, ಬಂದಾಗ ಇದ್ದ ಸ್ಥಿತಿ ವಾಪಸು ಕೊಡಬೇಕು. ಅದನ್ನೇ ಅಲ್ಲವಾ ಕೇಳಿದ್ದು?” ಎಂದಳು, ಬಾಗಿಲಲ್ಲಿ ನಿಂತೇ.

ವಹಾಬ್ ಹಾಸಿಗೆಯ ಒದ್ದೆ ಜಾಗದಿಂದ ಸ್ವಲ್ಪ ಸರಿದು, ಕೂರಲು ಅವಳಿಗೆ ಸ್ಟೂಲು ತೋರಿಸಿದರು. ಖದೀಜ ಒಳಗಿನಿಂದ, “ಬಸ್ಸು ತಪ್ಪಿತಾ?” ಎಂದು ಕೇಳಿದರು.

ಸೋಮವಾರ ಅವಳು ಆ ತುಣುಕನ್ನು ಬದಲಾಯಿಸಿದಳು. ಮುಚ್ಚುವವರು ಹಳೆಯ ಸ್ಥಿತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಬೇಕು, ಬರುವಾಗ ಅದನ್ನೇ ವಾಪಸು ಇಡಬೇಕು. ಮಿಲ್ಲಿನವರನ್ನು ಒಪ್ಪಿಸಲು ಶೆಟ್ಟರಿಗೆ ಬಹಳ ಕಷ್ಟವಾಯಿತು. ನೋಣಯ್ಯ ಕೈ ವಾಸಿಯಾಗಿ ಬಂದ ಮೇಲೆ, ಅವನು ಆಗಲಿ ಎಂದ ಮೇಲೆಯೇ ಮತ್ತೆ ಕೂರಿಸಿದ್ದು. ಈ ಸಲ ಅವನು ಕೂರಬಹುದಾ ಎಂದು ಕೇಳಲಿಲ್ಲ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಎದುರೇ ಸ್ಟೂಲು ಹಾಕಿಕೊಂಡ. ಕುಸುಮ ಅವನನ್ನು ಏಳಿಸಲು ಹೋಗಲಿಲ್ಲ.

ಪೆಟ್ಟಿಗೆ ಮತ್ತೆ ತಪ್ಪಲಿಲ್ಲ. ಬೆಳ್ತಂಗಡಿ, ಬಂಟ್ವಾಳದ ಮಿಲ್ಲುಗಳಿಗೂ ಹೋಯಿತು. ಶೆಟ್ಟರು ಬಂದವರಿಗೆಲ್ಲ “ನಮ್ಮದು ಯಾವ ಚಿಪ್ಪಿಗೂ ಆಗ್ತದೆ ಮಾರಾಯ್ರೆ” ಎನ್ನತೊಡಗಿದರು. ಕುಸುಮಳಿಗೆ ಅದನ್ನು ಕೇಳಿದಾಗಲೆಲ್ಲ ನೋಣಯ್ಯನ ಕೈ ನೆನಪಾಗುತ್ತಿತ್ತು.

ಎರಡು ಸಾವಿರದ ಮೂರರ ರಂಜಾನಿನಲ್ಲಿ ವಹಾಬ್ ತೀರಿಕೊಂಡರು. ಎರಡನೆಯ ಸಲ ಹೊಡೆದ ಪಾರ್ಶ್ವವಾಯು ಅವರನ್ನು ಏಳಗೊಡಲಿಲ್ಲ. ಕುಸುಮ ಹೋದಾಗ ಗಂಡಸರು ಮಯ್ಯತ್ತನ್ನು ಮಣ್ಣು ಮಾಡಲು ಒಯ್ದಾಗಿತ್ತು. ಒಳಗೆ ಹೆಂಗಸರ ನಡುವೆ ಖದೀಜ ಗೋಡೆಗೆ ಒರಗಿ ಕೂತಿದ್ದರು. ಕುಸುಮಳನ್ನು ಕಂಡು ಪಕ್ಕದವರಿಗೆ, “ಇವಳು ಅವರಿಗೆ ಓದಿ ಹೇಳ್ತಿದ್ದವಳು,” ಎಂದರು. ಏನನ್ನು ಎಂದು ಯಾರೂ ಕೇಳಲಿಲ್ಲ. ಕುರಾನಂತೂ ಅಲ್ಲವೆಂದು ಅವರಿಗೆ ಅವಳ ಹಣೆಯ ಕುಂಕುಮ ನೋಡಿಯೇ ತಿಳಿದಿರಬೇಕು.

ಮುಂದಿನ ವರ್ಷ ಅವಳು ಹೆದರಿಕೊಂಡಿದ್ದ ಫೋನು ಬಂತು. ಆ ಚಿಪ್ಪೂ ನಿಂತಿತು. ಹೊಸದು ದೊಡ್ಡದು, ವೇಗದ್ದು, ಹಳೆಯದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲದ್ದು. ಕುಸುಮ ಪದರದ ಕಡತವನ್ನಷ್ಟೇ ತೆರೆದಳು. ಮಿಡಿತ, ಸ್ಥಿತಿ ಕಟ್ಟುವುದು, ಬಿಚ್ಚುವುದು, ಮುಚ್ಚುವುದು. ಕೆಲವು ವಾರಗಳಲ್ಲಿ ಕೆಲಸ ಮುಗಿಯಿತು. ಉಳಿದ ಕರ್ನೆಲ್ಲಿನಲ್ಲಿ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ಮೇಜಿನ ಮೇಲೆ ಹೊಸ ಬೋರ್ಡು ಮೊದಲ ಸಲ ಎದ್ದು ನಿಂತು ನೀರಿನ ಅಂಕೆ ತೋರಿಸಿದ ದಿನ ಶನಿವಾರವಾಗಿತ್ತು. ಹೇಳಲು ಹೋಗಬೇಕಾದ ಮನೆ ಮಾಣಿಯಲ್ಲಿತ್ತು, ಕೇಳುವವರು ಇರಲಿಲ್ಲ. ಆದರೂ ಹೋದಳು. ಖದೀಜಕ್ಕನಿಗೆ ಏನು ಹೇಳುವುದೆಂದು ತಿಳಿಯದೆ, “ಸರ್ ಬರೆದದ್ದು ಹೊಸದರಲ್ಲಿಯೂ ಓಡ್ತಾ ಉಂಟು,” ಎಂದಳು.

“ಎಷ್ಟು ಕಾಲ ಓಡ್ತದೆ?” ಎಂದು ಖದೀಜ ಕೇಳಿದರು.

“ಇನ್ನು ಅದಕ್ಕೆ ಚಿಪ್ಪಿನ ಹಂಗಿಲ್ಲ ಖದೀಜಕ್ಕ.”

ಖದೀಜ ಅದನ್ನು ಯೋಚಿಸುತ್ತ ಅಕ್ಕಿ ರೊಟ್ಟಿಯನ್ನು ಮಗುಚಿದರು. “ಹಾಗಾದರೆ ಒಳ್ಳೆಯದು. ತಿಂದು ಹೋಗು,” ಎಂದರು.

ಕೆಲಸ ಸುಲಭವಾದ ಮೇಲೆ ಕುಸುಮಳಿಗೆ ತನ್ನ ದಣಿವು ಪೂರ್ತಿ ಕಂಡಿತು. ಅದುವರೆಗೆ ಅದನ್ನು ನೋಡಲು ಪುರುಸೊತ್ತಿರಲಿಲ್ಲ. ಬೆನ್ನು ನೋಯುತ್ತಿತ್ತು. ಸಾತ್ವಿಕಾ ತಾಯಿಯ ಎತ್ತರಕ್ಕೆ ಬಂದಿದ್ದಳು. ಅವಳು ಯಾವಾಗ ಅಷ್ಟು ಬೆಳೆದಳೆಂದು ನೆನಪಿಗೆ ಬರುತ್ತಿರಲಿಲ್ಲ. ಎರಡು ಸಾವಿರದ ಆರರಲ್ಲಿ ಕುಸುಮ ಕೆಲಸ ಬಿಡುತ್ತೇನೆ ಎಂದಾಗ ಶೆಟ್ಟರಿಗೆ ನಂಬಲಾಗಲಿಲ್ಲ.

“ಎಂತ ಆಯ್ತು ಈಗ? ಯಾರಾದರೂ ಏನಾದರೂ ಹೇಳಿದರಾ?”

“ಯಾರೂ ಏನೂ ಹೇಳಲಿಲ್ಲ ಶೇಖರಣ್ಣ. ನನಗೆ ಸಾಕಾಯ್ತು.”

“ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತಾ?”

“ಉಜಿರೆಯಲ್ಲಿ ಇನ್ವರ್ಟರ್ ರಿಪೇರಿ ಅಂಗಡಿ ಹಾಕ್ತೇನೆ. ಕೆಟ್ಟದ್ದು ತರ್ತಾರೆ, ಸರಿ ಮಾಡಿ ಕೊಟ್ಟರೆ ಮುಗೀತು.”

ಅವಳ ಜಾಗಕ್ಕೆ ಬಂದವಳು ಫಾಯಿಝಾ, ಮೂಡುಬಿದಿರೆಯ ಕಡೆಯ ಹುಡುಗಿ, ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದವಳು. ಕುಸುಮ ಕೆಲವು ದಿನ ಜೊತೆಗೆ ಕೂತು ಎಲ್ಲವನ್ನೂ ಕಲಿಸಿದಳು. ಇಂಟರಪ್ಟಿನ ತುಣುಕು ಬಂದಾಗ ನೋಣಯ್ಯನ ಕೈಯ ಕಥೆ ಹೇಳಿದಳು. ಫಾಯಿಝಾ ತಲೆಯ ಮೇಲಿನ ಶಾಲು ಸರಿಮಾಡಿಕೊಳ್ಳುತ್ತ, “ಅದು ಗೊತ್ತುಂಟು ಅಕ್ಕ. ಎಲ್ಲದರಲ್ಲೂ ಹಾಗೆಯೇ ಇರುವುದಲ್ಲವಾ, ಮೊದಲಿನ ಸ್ಥಿತಿ ವಾಪಸು ಇಡುವುದು,” ಎಂದಳು. ಹೌದು ಎಂದಳು ಕುಸುಮ. ಹುಡುಗಿಯ ಮೇಲೆ ಬೇಸರವೇನೂ ಬರಲಿಲ್ಲ. ಎಲ್ಲದರಲ್ಲೂ ಹಾಗೆಯೇ ಇರುತ್ತದೆಂದು ತನಗೆ ಯಾರಾದರೂ ಹೇಳಿದ್ದರೆ ಎಂದಷ್ಟೇ ಅನ್ನಿಸಿತು.

ಮರುವರ್ಷ ಶೆಟ್ಟರು ಇನ್ನೊಂದು ಚಿಪ್ಪಿಗೆ ಹೋದರು. ಸುದ್ದಿ ಕೇಳಿದ ದಿನದಿಂದ ಕುಸುಮ ಒಳಗೊಳಗೇ ಫಾಯಿಝಾಳ ಫೋನಿಗೆ ಕಾಯುತ್ತಿದ್ದಳು. ಅಂಗಡಿಯಲ್ಲಿ ಮೊಬೈಲು ರಿಂಗಾದರೆ ಕೈ ಒರೆಸಿಕೊಂಡು ಎತ್ತುತ್ತಿದ್ದಳು. ಸ್ಥಿತಿ ಕಟ್ಟುವ ಕಡೆ ಹುಡುಗಿಗೆ ಕಷ್ಟವಾಗಬಹುದು, ಕೇಳಿಯೇ ಕೇಳುತ್ತಾಳೆ ಎಂದುಕೊಂಡಳು. ವಾರಗಳು ಹೋದವು. ಫೋನು ಬರಲಿಲ್ಲ.

ಬಂದದ್ದು ಭತ್ತದ ಕೊಯ್ಲು ಮುಗಿದು ಮಿಲ್ಲುಗಳಲ್ಲಿ ಕೆಲಸ ಜೋರಾಗಿದ್ದಾಗ, ಒಂದು ಬೆಳಿಗ್ಗೆ. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು.

“ಅಕ್ಕ, ಫಾಯಿಝಾ. ಮಿಲ್ಲಿನಲ್ಲಿದ್ದೇನೆ. ಹೊಸ ಚಿಪ್ಪಿನ ಪೆಟ್ಟಿಗೆ ತಂದಿದ್ದೇವೆ.”

“ಹೌದಾ? ಪದರದಲ್ಲಿ ಏನಾದರೂ ತೊಂದರೆ ಉಂಟಾ?”

“ಇಲ್ಲಕ್ಕ, ಅದು ಆಗಿ ತುಂಬ ದಿನ ಆಯ್ತು. ಇಲ್ಲಿ ಪೆಟ್ಟಿಗೆಯನ್ನು ಯಾವ ಗೋಡೆಗೆ ಹಾಕ್ಬೇಕು ಅಂತ ಕೇಳ್ತಾ ಇದ್ದಾರೆ.”

ಕುಸುಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

“ಉಮಿ ಹಾರುವ ಕಡೆ ಬೇಡ. ಬಾಯ್ಲರ್ ನೋಡುವವರು ಕೂತಲ್ಲಿಂದ ಕಾಣುವ ಹಾಗೆ ಹಾಕಿ,” ಎಂದಳು.

“ಸರಿ ಅಕ್ಕ, ಫೋನು ಇಡ್ತೇನೆ.”

ಫೋನು ಇಟ್ಟು ಅವಳು ಮತ್ತೆ ಸ್ಟೂಲಿನಲ್ಲಿ ಕೂತಳು. ಮೇಜಿನ ಮೇಲೆ ಯಾರದೋ ಇನ್ವರ್ಟರ್ ಮುಚ್ಚಳ ತೆರೆದು ಬಿದ್ದಿತ್ತು, ಒಳಗೆ ಹಲ್ಲಿ ಹೋಗಿ ಸತ್ತಿತ್ತು. ಅದನ್ನು ಇಕ್ಕುಳದಲ್ಲಿ ಹಿಡಿದು ತೆಗೆಯತೊಡಗಿದಳು.